ನಿಮಗಿದು ಗೊತ್ತೆ? ದಮ್ಮಿನ ದಾರಿ ಮೂಗಿನಿಂದಲೇ ಶುರು

ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಲ್ಲಿ ಕಡಲೆ, ಜೋಳದ ರಾಶಿ ನಡೆದಾಗ ಹೊಟ್ಟಿನ ದೂಳು ಮೊದಲು ತಾಗುವುದು ಮೂಗಿಗೆ. ಹಗಲು ಸಾಲುಸಾಲು ಸೀನು, ರಾತ್ರಿ ಎದೆಯಲ್ಲಿ ಸುಯ್‌ಗುಟ್ಟುವ ಸದ್ದು. ಇವು ಬೇರೆ ಬೇರೆ ಕಾಯಿಲೆ ಎಂದುಕೊಂಡು ಸೀನನ್ನು ಕಡೆಗಣಿಸುವುದು ತಪ್ಪು.

ಮೂಗಿನಿಂದ ಶ್ವಾಸಕೋಶದವರೆಗೆ ಉಸಿರಿನ ದಾರಿ ಒಂದೇ. ಗಾಳಿಯನ್ನು ಸೋಸಿ, ಬೆಚ್ಚಗಾಗಿಸಿ, ತೇವಗೊಳಿಸುವ ಮೂಗು ಕಟ್ಟಿದರೆ ಬಾಯಿಂದ ಉಸಿರಾಡಬೇಕಾಗುತ್ತದೆ. ಒಣ ದೂಳುಗಾಳಿ ನೇರವಾಗಿ ಎದೆಗಿಳಿಯುತ್ತದೆ. ಅಸ್ತಮಾ ಇರುವ ವಯಸ್ಕರಲ್ಲಿ ಬಹಳಷ್ಟು ಮಂದಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 2001ರಲ್ಲಿ ಬಂದ ‘ಏರಿಯಾ’ ವರದಿ, ಒಂದು ಇದ್ದವರಲ್ಲಿ ಇನ್ನೊಂದನ್ನೂ ಪರೀಕ್ಷಿಸಬೇಕು ಎಂದಿತು.

ಬದುವಿನ ಕಾಂಗ್ರೆಸ್ ಕಸವೂ ಸಾಮಾನ್ಯದ್ದಲ್ಲ. ಅದರ ಪರಾಗ ಮೂಗಿನ ಅಲರ್ಜಿ ತರುವುದನ್ನು ಬೆಂಗಳೂರಿನ ಸಂಶೋಧಕರು 1991ರಲ್ಲೇ ದಾಖಲಿಸಿದ್ದಾರೆ.

ನಡುವಯಸ್ಸಿನಲ್ಲಿ ಶುರುವಾದ ದಮ್ಮಿನ ಜೊತೆಗೆ ಮೂಗಿನಲ್ಲಿ ದುರ್ಮಾಂಸ ಬೆಳೆದು ವಾಸನೆ ತಿಳಿಯದಂತಾಗಿದೆಯೆ? ಅಂಥ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಗಳು ಗಂಟೆ ಎರಡು ಗಂಟೆಯೊಳಗೆ ತೀವ್ರ ದಮ್ಮು ತರಬಲ್ಲವು. ವೈದ್ಯರನ್ನು ಕಾಣುವಾಗ ಮೂಗಿನ ತೊಂದರೆಯನ್ನೂ, ನುಂಗಿದ ಗುಳಿಗೆಗಳನ್ನೂ ಮರೆಯದೆ ಹೇಳಿ; ಮೂಗು ಸರಿಹೋಯಿತೆಂದು ಇನ್ಹೇಲರ್ ನಿಲ್ಲಿಸಬೇಡಿ.