ಕಡಲ ಕರೆಗುಂಟ ಮೂರು ದಿನ

ಮುಂಬಯಿಯಲ್ಲಿ ಇಪ್ಪತ್ತು-ಮೂವತ್ತು ವರುಷ ಕಳೆದ ನಮ್ಮವರಿಗೂ ಕಡಲೆಂದರೆ ಚೌಪಾಟಿಯ ಭೇಲ್‌ಪುರಿ, ಇಲ್ಲವೆ ಮರೀನ್ ಡ್ರೈವಿನ ಕಟ್ಟೆ. ಗೋವೆಗೆ ಹೊರಟವರು ಹೆದ್ದಾರಿ ಹಿಡಿದು ಓಡಿಬಿಡುತ್ತಾರೆ. ಅಲಿಬಾಗಿನಿಂದ ದಕ್ಷಿಣಕ್ಕೆ ಕರೆಗುಂಟ ಸಾಗುವ ರಸ್ತೆಯ ಕಡೆ ಹೊರಳುವವರು ಕಡಿಮೆ. ಹೋದ ಮಾಘ ಮಾಸದ ಅಮಾವಾಸ್ಯೆಗೆ ನಾವು ಐವರು ಆ ದಾರಿ ಹಿಡಿದೆವು. ನಮ್ಮೊಡನೆ ಎಪ್ಪತ್ತೆರಡು ವರುಷದ ತಾಯಿಯವರು. ಅವರಿಗೆ ಇದ್ದುದು ಒಂದೇ ಹಂಬಲ: ಹರಿಹರೇಶ್ವರದ ಪ್ರದಕ್ಷಿಣೆ.

ಮುರುಡಿನ ಜಂಜೀರಾ ಕೋಟೆಯ ವಿಷಯ ಬೇಕಾದಷ್ಟು ಜನ ಬರೆದಿದ್ದಾರೆ. ಮರಾಠರಿಗೂ ಸೋಲದ ಸಿದ್ದಿಗಳ ಆ ಕೋಟೆಯನ್ನು ದಡದಿಂದಲೇ ನೋಡಿ, ಅಗರದಂಡೆಯಲ್ಲಿ ಮೋಟಾರನ್ನು ಫೆರಿಗೆ ಹತ್ತಿಸಿ ದಿಘಿಗೆ ದಾಟಿದೆವು. ದಿವೇಆಗರ ಮುಟ್ಟಿದಾಗ ಸಂಜೆ ಆರು. ಕಡಲು ಎಷ್ಟು ದೂರ ಸರಿದಿತ್ತೆಂದರೆ, ಒದ್ದೆ ಮರಳೇ ಒಂದು ಮೈದಾನದಂತಿತ್ತು. ವಾಡಿಯ ಯಜಮಾನರ ಒಪ್ಪಿಗೆ ಪಡೆದು ಗಾಳಿಮರಗಳ ಅಂಚಿಗೆ ಡೇರೆ ಹಾಕಿದೆವು. ಅವರು “ಇನ್ನೂ ಮೇಲಕ್ಕೆ ಹಾಕಿರಿ” ಎಂದರು. ಆದರೆ ತೆರೆಯ ಸದ್ದು ಕೇಳಬೇಕೆಂಬ ಹುಚ್ಚು ನಮಗೆ.

ಕೇಳಿತು! ನಡುರಾತ್ರಿಗೆ ಮಗ್ಗುಲಲ್ಲೇ ಕೇಳಿತು. ಎದ್ದು ನೋಡಿದರೆ ಚಪ್ಪಲಿಗಳು ತೇಲುತ್ತಿವೆ. ಸ್ಟೋವಿನ ಮೇಲೆ ಉಪ್ಪುನೀರು. ಕತ್ತಲೆಯಲ್ಲಿ ಒದ್ದೆ ಡೇರೆ ಎಳೆದುಕೊಂಡು ಮೇಲಕ್ಕೆ ಓಡಿದ್ದಾಯಿತು. ತಾಯಿಯವರು ಮಾತ್ರ ಮೋಟಾರಿನಲ್ಲಿ ಬೆಚ್ಚಗೆ ಮಲಗಿದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಡಲು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಕ್ಕುತ್ತದೆ. ಹಾಗಾಗಿ ಭರತದ ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಹಿಂದಕ್ಕೆ ಬೀಳುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರಿಬ್ಬರ ಸೆಳೆತವೂ ಕೂಡಿ ನೀರು ಅತಿ ಮೇಲೇರುತ್ತದೆ, ಇಳಿದಾಗ ಅಷ್ಟೇ ದೂರ ಸರಿಯುತ್ತದೆ. ಈ ಕರೆಯಲ್ಲಿ ಆ ದಿನಗಳ ಭರತ ನಡುಹಗಲು, ನಡುರಾತ್ರಿಯ ಸುಮಾರಿಗೇ. ಪಂಚಾಂಗ ನೋಡಿ ಹೊರಟ ನಾವು ಇದನ್ನು ನೋಡಿರಲಿಲ್ಲ.

ಮರುದಿನದ ಹಾದಿ ಶ್ರೀವರ್ಧನದವರೆಗೂ ನೀರಿನ ಮಗ್ಗುಲಲ್ಲೇ. ಒಂದು ತಿರುವಿನಲ್ಲಿ ಬಂಡೆ, ಇನ್ನೊಂದರಲ್ಲಿ ಮೀನು ಒಣಗಿಸುವ ಹಳ್ಳಿ. ಎರಡು ಕಡೆ ಇಳಿದು ನಡೆದೆವು. ಶ್ರೀವರ್ಧನ ಪೇಶ್ವೆ ಬಾಳಾಜಿ ವಿಶ್ವನಾಥನ ಊರು.

ಹರಿಹರೇಶ್ವರ ಸೇರಿದಾಗ ಬೆಳಗಿನ ಹತ್ತೂವರೆ. ಪದ್ಧತಿಯಂತೆ ಮೊದಲು ಕಾಲಭೈರವನ ದರ್ಶನ, ಆಮೇಲೆ ಹರಿಹರೇಶ್ವರನದು. ಪ್ರದಕ್ಷಿಣೆಯ ದಾರಿ ಗುಡಿಯ ಹಿಂದಿನ ಗುಡ್ಡವೇರಿ, ಬಂಡೆಯ ಬಿರುಕಿನಲ್ಲಿ ಮೆಟ್ಟಿಲಿಳಿದು, ಕಡಲಿನ ಅಂಚಿನಿಂದ ಸುತ್ತಿ ಬರುತ್ತದೆ. ಉಬ್ಬರದಲ್ಲಿ ಆ ಅಂಚೇ ಇರುವುದಿಲ್ಲ. ನಮ್ಮಲ್ಲಿ ಹರೆಯದವನೊಬ್ಬ, “ಹತ್ತು ನಿಮಿಷದ ದಾರಿ, ಅಜ್ಜಿಯ ಕೈ ನಾನು ಹಿಡಿಯುತ್ತೇನೆ” ಎಂದು ಹಟ ಹಿಡಿದ. ಸಂಜೆಗೆ ವೇಳಾಸ ಸೇರಿ ಆಮೆಮರಿ ನೋಡುವ ಅವಸರ ಅವನಿಗೆ. ನಮ್ಮಲ್ಲೂ ಕೆಲವರು ಹೂಂ ಎಂದೆವು. ಈಗ ನೆನೆದರೆ ನಾಚಿಕೆ. ಮೆಟ್ಟಿಲ ಕೊನೆಗೆ ಬಂದು ನಿಂತಾಗ ಒಂದು ತೆರೆ ಬಂಡೆಗೆ ಬಡಿದು ನಮ್ಮ ಸೊಂಟದವರೆಗೂ ತೋಯಿಸಿತು. ಯಾರೂ ಮಾತಾಡಲಿಲ್ಲ. ತಾಯಿಯವರೇ ಹಿಂದಿರುಗಿ ಮೆಟ್ಟಿಲೇರತೊಡಗಿದರು. “ದೇವರು ಸಂಜೆಗೂ ಇಲ್ಲೇ ಇರುತ್ತಾನೆ” ಎಂದರು.

ಐದೂವರೆಗೆ ಮತ್ತೆ ಇಳಿದೆವು. ಬೆಳಿಗ್ಗೆ ನೀರು ಕುದಿಯುತ್ತಿದ್ದಲ್ಲಿ ಜೇನುಗೂಡಿನಂತೆ ತೂತುಬಿದ್ದ ಬಂಡೆ, ಅದರ ಕುಳಿಗಳಲ್ಲಿ ಏಡಿಗಳು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ತಾಯಿಯವರು ಒಂದೊಂದು ಕುಳಿಯನ್ನೂ ಬಗ್ಗಿ ನೋಡುವವರೇ.

ಬೆಳಗಾಗ ಬಾಗಮಾಂಡಲೆಯಿಂದ ಮೊದಲ ಫೆರಿಯಲ್ಲಿ ಸಾವಿತ್ರಿ ನದಿ ದಾಟಿ ವೇಳಾಸಕ್ಕೆ ಹೋದೆವು. ನಾನಾ ಫಡ್ನವೀಸನ ಊರದು. ಕಡಲಾಮೆಯ ಮೊಟ್ಟೆಗಳನ್ನು ನರಿ ನಾಯಿಗಳಿಂದ ಕಾಪಾಡಿ, ಬೇಲಿಯೊಳಗೆ ಹೂಳಿಟ್ಟು ಮರಿ ಮಾಡಿಸುವ ಕೆಲಸ ಅಲ್ಲಿ 2002ರಿಂದ ನಡೆದಿದೆ. ಆ ಬೆಳಿಗ್ಗೆ ಬುಟ್ಟಿ ಎತ್ತಿದಾಗ ಮೂರೇ ಮರಿಗಳು. ಎರಡು ನೆಟ್ಟಗೆ ನೀರಿಗೆ ನಡೆದವು. ಮೂರನೆಯದು ದಾರಿಯಲ್ಲಿ ನಿಂತುಬಿಟ್ಟಿತು. ಹರೆಯದವನು ಕೈ ಚಾಚಿದ. ಮುಟ್ಟಬಾರದೆಂದು ಕಾವಲಿನವರು ತಡೆದರು. ಎಲ್ಲರೂ ಕಾದೆವು. ಬಹಳ ಹೊತ್ತಿನ ಮೇಲೆ ಒಂದು ಸಣ್ಣ ತೆರೆ ಮೇಲಕ್ಕೆ ಬಂದು ಅದನ್ನು ಎತ್ತಿಕೊಂಡು ಹೋಯಿತು.