ಪರದೆಯ ಮೇಲಣ ಪದರಗಳು

ಕೊಪ್ಪಳ ತಾಲೂಕಿನ ಅಳವಂಡಿಯ ಸುತ್ತಣ ಸೀಮೆಗೆ ಪರದೆಯ ಆಟ ಹೊಸದಲ್ಲ. ಇದೇ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಬಿಳಿಯ ಪರದೆ, ಅದರ ಹಿಂದೆ ದೀಪ, ನಡುವೆ ಬಣ್ಣದ ಗೊಂಬೆಗಳು, ಸಾಮಗ್ರಿ ಇಷ್ಟೆ. ಇಂದಿನ ಸಭಾಂಗಣದ ತೆರೆಯ ಮೇಲೂ ಭಾಷಣಕಾರನ ಚಿತ್ರ, ಅವನ ಹಿಂದೆ ಭೂಪಟ, ಕೆಳಗೆ ಹೆಸರಿನ ಪಟ್ಟಿ, ಎಲ್ಲವೂ ಒಮ್ಮೆಗೇ ಮೂಡುತ್ತವೆ. ಎರಡೂ ಪದರಗಳ ಆಟವೇ ಸರಿ; ಆದರೆ ಎರಡರ ನಿಯಮ ಒಂದೇ ಅಲ್ಲ. ಆ ಭೇದವನ್ನು ಇಲ್ಲಿ ಪರಿಶೀಲಿಸೋಣ.

ಹದಮಾಡಿದ ತೊಗಲು ಬೆಳಕನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒಂದು ಗೊಂಬೆಯು ಬೆಳಕಿನ ಅರ್ಧವನ್ನೂ ಇನ್ನೊಂದು ಕಾಲುಭಾಗವನ್ನೂ ಹಾಯಗೊಡುತ್ತವೆಂದು ಭಾವಿಸೋಣ. ಅವೆರಡೂ ಒಂದರ ಮೇಲೊಂದು ಬಂದಾಗ ಪರದೆಗೆ ತಲಪುವುದು 1/2 × 1/4, ಅಂದರೆ 1/8 ಭಾಗ. ಗೊಂಬೆಗಳನ್ನು ಹಿಂದುಮುಂದು ಮಾಡಿದರೂ ಈ ಗುಣಲಬ್ಧ ಬದಲಾಗದು.

ಗಣಕಯಂತ್ರದ ರೀತಿ ಬೇರೆ. ಅಲ್ಲಿ ಚಿತ್ರದ ಪ್ರತಿ ಬಿಂದುವಿಗೂ ಬಣ್ಣದ ಜೊತೆಗೆ ಸೊನ್ನೆಯಿಂದ ಒಂದರವರೆಗಿನ ಇನ್ನೊಂದು ಸಂಖ್ಯೆ ಉಂಟು. ಇದಕ್ಕೆ ಆಲ್ಫಾ ಎಂದು ಹೆಸರು. ತನ್ನ ಕೆಳಗಿನದನ್ನು ಬಿಂದುವು ಎಷ್ಟು ಮರೆಮಾಡಬೇಕೆಂಬುದರ ಅಳತೆ ಇದು. ಪದರಗಳನ್ನು ಕೂಡಿಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು 1984ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು. ಮೇಲಿನ ಪದರದ ಹೊಳಪು 100, ಕೆಳಗಿನದು 20, ಮೇಲಿನದರ ಆಲ್ಫಾ 0.75 ಆಗಿರಲಿ, ಕೆಳಗಿನದು ಪೂರ್ತಿ ಅಪಾರದರ್ಶಕವಾಗಿರಲಿ. ಆಗ ಕಾಣುವ ಹೊಳಪು 75 + 5 = 80. ಹೊಳಪುಗಳನ್ನು ಅದಲುಬದಲು ಮಾಡಿದರೆ 15 + 25 = 40 ಮಾತ್ರ. ಇಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮವೇ ಸರ್ವಸ್ವ.

ಭಾಷಣಕಾರನ ಹಿಂದೆ ಹಸಿರು ಬಟ್ಟೆ ಕಟ್ಟುವುದೂ ಆಲ್ಫಾಕ್ಕಾಗಿಯೇ. ಹಸಿರು ಬಿಂದುಗಳಿಗೆಲ್ಲ ಯಂತ್ರವು ಸೊನ್ನೆಯನ್ನು ಕೊಡುವುದರಿಂದ ಅಲ್ಲಿ ಕೆಳಗಿನ ಭೂಪಟ ಕಾಣುತ್ತದೆ. ಹಸಿರು ಅಂಗಿ ತೊಟ್ಟು ಬಂದವನ ಎದೆಯ ಮೇಲೆ ತುಂಗಭದ್ರೆಯೇ ಹರಿದೀತು!

ಇಷ್ಟೆಲ್ಲ ಲೆಕ್ಕಕ್ಕೆ ದೊರೆಯುವ ಕಾಲವೆಷ್ಟು? 1920 × 1080 ಅಳತೆಯ ಚಿತ್ರದಲ್ಲಿ 20,73,600 ಬಿಂದುಗಳು. ಸೆಕೆಂಡಿಗೆ 25 ಚಿತ್ರಗಳಾದರೆ ಒಂದೊಂದಕ್ಕೆ 40 ಮಿಲಿಸೆಕೆಂಡು ಮಾತ್ರ. ಕ್ಯಾಮೆರಾದಿಂದ ತೆರೆಯವರೆಗಿನ ಮೂರು ಯಂತ್ರಗಳು ತಲಾ ಒಂದು ಚಿತ್ರದಷ್ಟು ಹೊತ್ತು ತಡೆದರೂ 120 ಮಿಲಿಸೆಕೆಂಡು ವಿಳಂಬವಾಗುತ್ತದೆ. ದೂರದರ್ಶನದಲ್ಲಾದರೆ ಧ್ವನಿಯನ್ನೂ ಅಷ್ಟೇ ತಡಮಾಡಿ ಸರಿಪಡಿಸಬಹುದು. ಸಭಾಂಗಣದಲ್ಲಿ ಮಾತು ಭಾಷಣಕಾರನ ಬಾಯಿಂದಲೇ ನೇರವಾಗಿ ಕಿವಿಗೆ ಬೀಳುತ್ತದೆ. ಅದನ್ನು ತಡೆಹಿಡಿಯುವವರು ಯಾರು? ಮಾತು ಮುಂದೆ, ತುಟಿ ಹಿಂದೆ ಆಗಿ ಕೇಳುವವರ ಗಮನ ಕೆಡುತ್ತದೆ.

ತೊಗಲುಗೊಂಬೆಯಾಟಕ್ಕೆ ಈ ತೊಡಕಿಲ್ಲ. ಅಲ್ಲಿ ಗುಣಾಕಾರವನ್ನು ಬೆಳಕೇ ಮಾಡಿ ಮುಗಿಸುತ್ತದೆ. ಆದ್ದರಿಂದ ಸಭೆಗಾಗಿ ತೆರೆಯನ್ನು ಸಜ್ಜುಗೊಳಿಸುವ ವಿದ್ಯಾರ್ಥಿಯು ನಡುವೆ ಇನ್ನೊಂದು ಯಂತ್ರವನ್ನು ಸೇರಿಸುವ ಮುನ್ನ ಅದು ನುಂಗುವ ಕಾಲವನ್ನು ಲೆಕ್ಕಹಾಕಲಿ. ನೋಟ ಎಷ್ಟೇ ಸೊಗಸಾಗಿರಲಿ, ಮಾತಿನ ಜೊತೆಯಲ್ಲಿ ಬಾರದಿದ್ದರೆ ಅದರಿಂದ ಪ್ರಯೋಜನವಿಲ್ಲ.