ಬದುವಿನ ಬಾರಿ ಗಿಡ

ಅಳವಂಡಿಯ ನಮ್ಮ ಎರೆಹೊಲದ ಬದುವಿನಲ್ಲಿ ಒಂದು ಜವಾರಿ ಬಾರಿ ಗಿಡವಿತ್ತು. ಯಾರೂ ನೆಟ್ಟಿದ್ದಲ್ಲ, ಹಕ್ಕಿ ಹಾಕಿದ ಬೀಜವೋ, ಬುತ್ತಿ ಉಂಡವರು ಉಗುಳಿದ ಬೀಜವೋ. ಮಳೆ ಕೈಕೊಟ್ಟು ಬಿಳಿಜೋಳ ಒಣಗಿದ ವರ್ಷವೂ ಅದು ಹಣ್ಣು ಬಿಟ್ಟಿತ್ತು. ಬಾರಿಯ ಬೇರು ಅಷ್ಟು ಆಳಕ್ಕೆ ಇಳಿಯುತ್ತದೆ.

ಮೈಸೂರು ಸೀಮೆಯವರು ಎಲಚಿ ಎನ್ನುವುದೇ ನಮ್ಮ ಬಾರಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಉಂಡೆದ್ದರೆ ಮಕ್ಕಳೆಲ್ಲ ಅದರ ಬುಡದಲ್ಲೇ. ಸಂಕ್ರಾಂತಿಗೆ ಕೂಸುಗಳ ತಲೆಯ ಮೇಲೆ ಕರಿ ಎರೆಯುವಾಗ ಚುರಮುರಿ, ಕಬ್ಬಿನ ತುಂಡಿನ ಜೊತೆ ಬಾರಿಹಣ್ಣು ಬೇಕೇ ಬೇಕು. ಆನೆಗೊಂದಿ ಬಳಿಯ ಪಂಪಾ ಸರೋವರದಲ್ಲಿ, ರಾಮನಿಗೆ ಬಾರಿಹಣ್ಣು ಕಚ್ಚಿ ನೋಡಿ ಕೊಟ್ಟಳೆನ್ನುವ ಶಬರಿಯ ಗುಹೆ ತೋರಿಸುತ್ತಾರೆ. "ಶಬರಿ ಯಾಕ ಕಚ್ಚಿ ನೋಡಿದ್ಲು ಗೊತ್ತೇನ ಯವ್ವಾ? ಒಂದೇ ಟೊಂಗಿಯೊಳಗ ಒಂದು ಹುಳಿ, ಒಂದು ಸಿಹಿ ಇರ್ತೈತಿ" ಎನ್ನುತ್ತಿದ್ದಳು ಅಜ್ಜಿ.

ಉಳಿದ ಹಣ್ಣನ್ನು ಅಜ್ಜಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ಬೀಜ ತೆಗೆದು ಉಪ್ಪು, ಒಣಮೆಣಸಿನಕಾಯಿ, ಜೀರಿಗೆ, ಬೆಲ್ಲ ಹಾಕಿ ಒರಳಲ್ಲಿ ಕುಟ್ಟಿ, ಬಿಲ್ಲೆ ತಟ್ಟಿ ಮತ್ತೆ ಬಿಸಿಲಿಗಿಡುತ್ತಿದ್ದಳು. ಬೇಸಿಗೆಯಲ್ಲಿ ಬಾಯಿ ಕೆಟ್ಟಾಗ ರೊಟ್ಟಿಯ ಜೊತೆಗೆ ಅದೊಂದು ಚೂರು ಸಾಕಿತ್ತು. ತಾಜಾ ಹಣ್ಣಿನಲ್ಲಿ ಸಿ ಜೀವಸತ್ವ ಹೇರಳ. ಆಗ ಬೇರೆ ಹಣ್ಣು ಕಾಣದ ನಮ್ಮ ಒಣಸೀಮೆಗೆ ಅದೇ ದೊಡ್ಡ ಆಸರೆಯಾಗಿತ್ತು.

ಎಲೆಯನ್ನು ಅರೆದರೆ ನೊರೆ ಬರುತ್ತದೆ. ಅದರಲ್ಲಿ ಸಪೋನಿನ್ ಎಂಬ ಅಂಶವಿದೆ. ಆ ನೊರೆಯಲ್ಲೇ ನಮ್ಮ ತಲೆ ತೊಳೆಯುತ್ತಿದ್ದರು. ಕುರುವಿಗೆ ಎಲೆ ಅರೆದು ಕಟ್ಟುವುದು, ಭೇದಿಗೆ ತೊಗಟೆಯ ಕಷಾಯ ಕೊಡುವುದು ಮನೆಮದ್ದು. ತೊಗಟೆಯ ಒಗರು ಟ್ಯಾನಿನ್ನಿನದು, ಅದು ಕರುಳನ್ನು ಬಿಗಿಗೊಳಿಸುತ್ತದೆ. ಆದರೆ ಭೇದಿ ನಿಲ್ಲದಿದ್ದರೆ, ಅದರಲ್ಲೂ ಮಗುವಿಗೆ, ಕಷಾಯ ನಂಬಿ ಕೂರಬಾರದು; ದವಾಖಾನೆಗೆ ಹೋಗಲೇಬೇಕು. ಎಲೆ ಆಡಿಗೆ ಮೇವು, ಮುಳ್ಳು ಕಣಕ್ಕೆ ಬೇಲಿ.

ಮೂರು ವರ್ಷದ ಹಿಂದೆ ಬದು ಕಿರಿದು ಮಾಡಲು ಆ ಗಿಡ ಕಡಿಸಿದೆವು. ಬೇಡ ಎನ್ನಬೇಕಿತ್ತು, ನಾನು ಅನ್ನಲಿಲ್ಲ. ಈ ಸಂಕ್ರಾಂತಿಗೆ ಮೊಮ್ಮಗಳಿಗೆ ಕರಿ ಎರೆಯಲು ಕೊಪ್ಪಳದ ಸಂತೆಯಿಂದ ಕಸಿ ಹಣ್ಣು ತಂದೆವು. ಅವುಗಳ ಗಾತ್ರ ನೋಡಿ, ಕೂಸಿನ ತಲೆಗೆ ಪೆಟ್ಟಾದೀತೆಂದು ಹೆಚ್ಚಿ ಎರೆಯಬೇಕಾಯಿತು. ಆ ಕಸಿಯನ್ನು ಕಟ್ಟುವುದೂ ಜವಾರಿ ಬಾರಿಯ ಬುಡಕ್ಕೇ.

ಬಾರಿ ಕಡಿದರೆ ಸಾಯುವ ಗಿಡವಲ್ಲ. ಬದುವಿನಲ್ಲಿ ಮೊಣಕಾಲೆತ್ತರ ಚಿಗುರಿದೆ. ಕುಂಟೆ ಹೊಡೆಯುವವರಿಗೆ ಕಾಣಲೆಂದು ಸುತ್ತ ಕಲ್ಲಿಟ್ಟು ಬಂದಿದ್ದೇನೆ.